ಹವಾಮಾನ ಮಾದರಿಗಳಲ್ಲಿ ಮೋಡ ಮತ್ತು ಮಳೆಯ ನಿರೂಪಣೆ: ನಿಡೋಣಿ ಭಾಗದ ದೃಷ್ಟಿಯಿಂದ ಒಂದು ವಿಶ್ಲೇಷಣೆ

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ನಿಡೋಣಿ ಭಾಗವು ಪಶ್ಚಿಮ ಘಟ್ಟಗಳ ಮಳೆ ನೆರಳಿನ ಪ್ರದೇಶಕ್ಕೆ ಸೇರಿದ್ದು, ಇಲ್ಲಿಯ ಬೇಸಾಯವು ಸೆಪ್ಟೆಂಬರ್-ಅಕ್ಟೋಬರ್ ಮಳೆಯನ್ನು ಬಹುವಾಗಿ ಅವಲಂಬಿಸಿದೆ. ಹಿಂಗಾರು ಜೋಳಕ್ಕೆ ವರವಾಗುವ ಅದೇ ಮಳೆಯು ಚಾಟ್ನಿ ಮುಗಿದ ದ್ರಾಕ್ಷಿ ತೋಟಕ್ಕೆ ಡೌನಿ ರೋಗವನ್ನು ತರುತ್ತದೆ. ಆದುದರಿಂದ ಮುನ್ಸೂಚನೆಯಲ್ಲಿ ಕಾಣುವ ಮಳೆಯ ಅಂಕಿ ಎಲ್ಲಿಂದ ಬಂತೆಂಬುದು ಔಷಧ ಸಿಂಪಡಣೆಯ ಖರ್ಚಿಗೆ ನೇರವಾಗಿ ಸಂಬಂಧಿಸಿದ ವಿಷಯವಾಗಿರುತ್ತದೆ.

ಗಣಕಯಂತ್ರದ ಹವಾಮಾನ ಮಾದರಿಯು ಭೂಮಂಡಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಉಷ್ಣಾಂಶ, ತೇವಾಂಶ ಹಾಗೂ ಗಾಳಿಯನ್ನು ಲೆಕ್ಕ ಹಾಕುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ದೀರ್ಘಾವಧಿಯ ಅಧ್ಯಯನಕ್ಕಾಗಿ ರೂಪಿಸಿದ ಭೂವ್ಯವಸ್ಥೆ ಮಾದರಿಯಲ್ಲಿ ಒಂದು ಚೌಕದ ಬದಿ ಸುಮಾರು 200 ಕಿ.ಮೀ. ಅಂದರೆ, ಸುಮಾರು 10,500 ಚದರ ಕಿ.ಮೀ. ವಿಸ್ತೀರ್ಣದ ವಿಜಯಪುರದಂತಹ ಮೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಒಂದೇ ಅಂಕಿ. ಗುಡುಗು ಮೋಡವಾದರೋ ಕೆಲವೇ ಕಿ.ಮೀ. ಅಗಲದ್ದು, ಒಂದೂರಿನಲ್ಲಿ ಹಳ್ಳ ಹರಿಸಿ ಪಕ್ಕದ ಊರಿನಲ್ಲಿ ಮಣ್ಣನ್ನೂ ತೋಯಿಸದೆ ಹೋಗಬಹುದು. ಇಂತಹ ಮೋಡವನ್ನು ಮಾದರಿಯು ಕಾಣಲಾರದು. ಚೌಕದ ಒಟ್ಟು ತೇವಾಂಶ ಮತ್ತು ಗಾಳಿಯ ಏರಿಕೆಯನ್ನು ಆಧರಿಸಿ, ಇಷ್ಟು ಮೋಡ, ಇಷ್ಟು ಮಳೆ ಎಂದು ಸೂತ್ರದ ಮೂಲಕ ಅಂದಾಜಿಸುತ್ತದೆ.

ಈ ಅಂದಾಜಿನಲ್ಲಿ ಒಂದು ಪರಿಚಿತ ದೋಷವಿದೆ. ಅನೇಕ ಮಾದರಿಗಳಲ್ಲಿ ತುಂತುರು ಮಳೆಯ ದಿನಗಳು ಅತಿಯಾಗಿಯೂ ಬಿರುಮಳೆಯ ದಿನಗಳು ಕಡಿಮೆಯಾಗಿಯೂ ಬರುತ್ತವೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ವರ್ಷಾಂತ್ಯದ ಮೊತ್ತ ಬಹುಮಟ್ಟಿಗೆ ತಾಳೆಯಾದರೂ ದಿನವಹಿ ನಮೂದುಗಳು ತಾಳೆಯಾಗುವುದಿಲ್ಲ. ಬಿತ್ತನೆಗೆ ಬೇಕಾದುದು ದಿನವಹಿ ನಮೂದೇ.

ಮೋಡದ ಒಳಗಿನ ವಿದ್ಯಮಾನವೂ ಸರಳವಲ್ಲ. ಧೂಳು, ಹೊಗೆಯ ಕಣಗಳು ಹೆಚ್ಚಿದ್ದಲ್ಲಿ ಹನಿಗಳು ಸಂಖ್ಯೆಯಲ್ಲಿ ಹೆಚ್ಚಿ ಗಾತ್ರದಲ್ಲಿ ಕಿರಿದಾಗುವುದರಿಂದ ಮೋಡ ಕವಿದರೂ ಮಳೆ ಬೀಳದಿರಬಹುದು. ಮಳೆ ನೆರಳಿನ ಮೋಡಗಳನ್ನು ಅರಿಯಲೆಂದೇ ಪುಣೆಯ ಸದರಿ ಸಂಸ್ಥೆಯು 2018 ಮತ್ತು 2019ರಲ್ಲಿ, ವಿಜಯಪುರಕ್ಕೆ ಸುಮಾರು 100 ಕಿ.ಮೀ. ಉತ್ತರದ ಸೊಲ್ಲಾಪುರದಲ್ಲಿ ವಿಮಾನಗಳ ಮೂಲಕ ಮಾಪನ ಹಾಗೂ ಮೋಡ ಬಿತ್ತನೆಯ ಪ್ರಯೋಗ ನಡೆಸಿತು. ಬೆಂಗಳೂರಿನಲ್ಲಿ ಪ್ರೊ. ರೊದ್ದಂ ನರಸಿಂಹ ಮತ್ತು ಸಂಗಡಿಗರು ಪ್ರಯೋಗಾಲಯದ ನೀರಿನ ತೊಟ್ಟಿಯಲ್ಲಿ ಮೋಡದ ಚಲನೆಯನ್ನು ಅನುಕರಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದ್ದರು.

ದಿನನಿತ್ಯದ ಮುನ್ಸೂಚನೆಯಲ್ಲಿ ಸುಧಾರಣೆ ಆಗಿರುವುದು ನಿಜ. 12 ಕಿ.ಮೀ. ಚೌಕದ ಸ್ಥಾನದಲ್ಲಿ 6 ಕಿ.ಮೀ. ಚೌಕದ ಭಾರತ್ ಮುನ್ಸೂಚನಾ ವ್ಯವಸ್ಥೆಯು 26 ಮೇ 2025ರಂದು ಲೋಕಾರ್ಪಣೆಗೊಂಡಿತು. ಆದರೂ 6 ಕಿ.ಮೀ. ಚೌಕವೆಂದರೆ 36 ಚದರ ಕಿ.ಮೀ.; ಅದರಲ್ಲಿ ಒಂದೇ ಮೋಡದ ಹಾದಿಯನ್ನು ಗುರುತಿಸಲಾಗದು. "ನಿಡೋಣಿಗೆ 12 ಮಿ.ಮೀ." ಎಂದು ಮುನ್ಸೂಚನೆ ಬಂದಲ್ಲಿ, ಅದನ್ನು ಆ ಸುತ್ತಿನ ಸರಾಸರಿ ಸಂಭವವೆಂದು ತಿಳಿಯುವುದು ಸೂಕ್ತ, ನಿರ್ದಿಷ್ಟ ಸರ್ವೆ ನಂಬರಿನ ಹೊಲದ ಮಳೆಯೆಂದಲ್ಲ.

ಬಿದ್ದ ಮಳೆಯನ್ನು ಹೇಳುವುದು ಮಳೆಮಾಪಕ ಮಾತ್ರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಮಾಪನ ಮಳೆಮಾಪಕಗಳನ್ನು ಅಳವಡಿಸಿದೆ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರಕ್ಕೆ ಪರಿಗಣನೆಯಾಗುವುದು ಕೇಂದ್ರಗಳಲ್ಲಿ ದಾಖಲಾದ ಅಂಕಿಯೇ ಹೊರತು ಮುನ್ಸೂಚನೆಯಲ್ಲ. ಮಾದರಿಯ ದೋಷವನ್ನು ತಿದ್ದುವುದಕ್ಕೂ ಇಂತಹ ಮಾಪಕಗಳ ದೀರ್ಘಕಾಲದ ದಾಖಲೆಯೇ ಆಧಾರ. ಮಾಪಕದ ಬಳಿಯ ಮರ ಅಥವಾ ಗೋಡೆಯು ತನ್ನ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿರಬೇಕು; ಹತ್ತಿರವಿದ್ದಲ್ಲಿ ದಾಖಲಾಗುವ ಮಳೆ ಕಡಿಮೆಯಾಗಿ, ಊರಿನ ಲೆಕ್ಕವೂ ಮಾದರಿಯ ಲೆಕ್ಕವೂ ಒಟ್ಟಿಗೇ ತಪ್ಪುತ್ತವೆ.