8191 ಆರ್‌ಪಿಎಂ

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಒಂದು ಶುಕ್ರವಾರ ಸಂಜೆ. ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಸಪೋರ್ಟ್ ಟೀಮಿನ ಹುಡುಗಿ ಬಂದು, "ನಿಮಗೆ ಕನ್ನಡ ಬರುತ್ತಲ್ಲ, ಈ ಫೋನ್ ಸ್ವಲ್ಪ ತಗೊಳ್ಳಿ" ಎಂದಳು. ಚಾಕಣ್ ಕಡೆಯ ಒಂದು ಸೈಟಿನಿಂದ ಪೋಕ್ಲೇನ್ ಆಪರೇಟರ್ ಒಬ್ಬ ಮೂರು ದಿನದಿಂದ ಫೋನ್ ಮಾಡುತ್ತಿದ್ದನಂತೆ. ಅವನ ಹಿಂದಿ ಇವಳಿಗೆ ತಿಳಿಯದು, ಇವಳ ಮರಾಠಿ ಅವನಿಗೆ ತಿಳಿಯದು.

(ನಮ್ಮೂರ ಕಡೆ ಹಿಟಾಚಿ ಅನ್ನುತ್ತೇವಲ್ಲ, ಪುಣೆಯಲ್ಲಿ ಅದೇ ಪೋಕ್ಲೇನ್. ಯಾವ ಕಂಪನಿಯದೇ ಇರಲಿ, ಹೆಸರು ಮಾತ್ರ ಅದೇ.)

ಆತ ಇಂಡಿ ತಾಲೂಕಿನವನು. ಕನ್ನಡ ಕೇಳಿದ್ದೇ ತಡ, ಒಂದೇ ಉಸಿರಿಗೆ ಹೇಳಿದ: "ಸರ, ನಾ ಗಾಡಿ ಹೊಡ್ಯಾಕತ್ತು ಹನ್ನೊಂದು ವರ್ಷ ಆತ್ರೀ. ಇಂಜಿನ್ ಹಾಳ ಮಾಡಾಕತ್ತೀ ಅಂತ ಮಾಲಕ ಪಗಾರ ಹಿಡದಾನ. ನಿಮ್ಮ ಕಂಪ್ಯೂಟರ್ ಹಂಗ ಹೇಳ್ತೈತಂತ. ನೀವ ಒಮ್ಮೆ ನೋಡ್ರೀ."

ನೋಡಿದೆ. ಗಾಡಿಗಳಲ್ಲಿ ಕೂರಿಸುವ ಡಬ್ಬಿಯಿಂದ ಬರುವ ಮಾಹಿತಿಯನ್ನು ಮಾಲೀಕರ ಮೊಬೈಲಿಗೆ ತಲುಪಿಸುವ ಸಾಫ್ಟ್‌ವೇರ್ ಬರೆಯುವುದೇ ನನ್ನ ಕೆಲಸ. ಆ ಗಾಡಿಯ ಪುಟದಲ್ಲಿ ಎರಡು ವಾರಕ್ಕೆ ಹದಿನಾಲ್ಕು ಕೆಂಪು ಎಚ್ಚರಿಕೆಗಳಿದ್ದವು: 'ಇಂಜಿನ್ ಓವರ್‌ಸ್ಪೀಡ್, 8191 ಆರ್‌ಪಿಎಂ'. ಪಕ್ಕದಲ್ಲಿ ಆಪರೇಟರನ ಹೆಸರು.

ಇಪ್ಪತ್ತು ಟನ್ನಿನ ಅಂಥ ಗಾಡಿಯ ಡೀಸೆಲ್ ಇಂಜಿನ್ ಕೆಲಸ ಮಾಡುವುದು 2000 ಆರ್‌ಪಿಎಂ ಆಸುಪಾಸಿನಲ್ಲಿ. 8191 ಮುಟ್ಟುವ ಮೊದಲೇ ಅದು ಚೂರುಚೂರಾಗಿರುತ್ತಿತ್ತು. ಆದರೆ ಮಾಲೀಕನಿಗೆ ಕಂಡದ್ದು ಕೆಂಪು ಬಣ್ಣ ಮತ್ತು ಒಂದು ಹೆಸರು. ನನಗೆ ಕಂಡದ್ದು ಆ ಅಂಕಿ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು.

ಕಾರಣ ಹೇಳುತ್ತೇನೆ. ಭಾರೀ ವಾಹನಗಳಲ್ಲಿ ಇಂಜಿನ್ನಿನ ಇಸಿಎಂ, ಅಂದರೆ ಅದರ ಕಂಪ್ಯೂಟರ್, ಉಳಿದ ಭಾಗಗಳ ಜೊತೆ ಮಾತಾಡುವ ಭಾಷೆ ಜೆ1939. ಅದರಲ್ಲಿ ವೇಗವನ್ನು ಎರಡು ಬೈಟ್‌ಗಳಲ್ಲಿ ಕಳಿಸುತ್ತಾರೆ, ಒಂದು ಎಣಿಕೆಗೆ 0.125 ಆರ್‌ಪಿಎಂ. ನಿಜವಾದ ವೇಗಕ್ಕೆ 8031.875ರವರೆಗಿನ ಅಂಕಿಗಳು ಮಾತ್ರ ಮೀಸಲು. ಅದರ ಮೇಲಿನವು ವೇಗವೇ ಅಲ್ಲ, ಸಂಕೇತಗಳು. ಎರಡು ಬೈಟ್‌ಗಳೂ ತುಂಬಿದ್ದರೆ 65535, 0.125ರಿಂದ ಗುಣಿಸಿದರೆ 8191.875. ಅದರ ಅರ್ಥ 'ಮಾಹಿತಿ ಲಭ್ಯವಿಲ್ಲ'.

ಇಂಜಿನ್ 'ನನಗೆ ಗೊತ್ತಿಲ್ಲ' ಅಂದದ್ದನ್ನು ನಮ್ಮ ಸಾಫ್ಟ್‌ವೇರ್ 'ಆಪರೇಟರ್ ಇಂಜಿನ್ ಕಿರುಚಿಸಿದ' ಎಂದು ಓದಿತ್ತು. ಮೇಲಿನಿಂದ, ಪ್ರತಿ ನಿಮಿಷದ ಗರಿಷ್ಠ ವೇಗವನ್ನೇ ವರದಿ ಮಾಡುವಂತೆ ಬರೆದಿದ್ದೆವು. ವೇಗದ ಸಂದೇಶ ಸೆಕೆಂಡಿಗೆ ಹತ್ತಾರು ಬಾರಿ ಬರುತ್ತದೆ. ಅದರಲ್ಲಿ ಒಂದು ತಪ್ಪಿದರೂ ಎಚ್ಚರಿಕೆ ಹೊರಟುಬಿಡುತ್ತಿತ್ತು.

ಆದರೆ ಇಂಜಿನ್ನಿಗೆ ತನ್ನ ವೇಗ ಗೊತ್ತಾಗದೇ ಹೋದದ್ದೇಕೆ? ಮಾರನೇ ದಿನ ಶನಿವಾರ. ಸೈಟಿಗೇ ಹೋದೆ.

ವೇಗದ ಸೆನ್ಸರ್ ಬೆರಳುದ್ದದ ವಸ್ತು. ಫ್ಲೈವೀಲ್ ಅಥವಾ ಕ್ರ್ಯಾಂಕಿನ ಹಲ್ಲುಚಕ್ರದ ಎದುರು ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಕೂತಿರುತ್ತದೆ. ಒಂದೊಂದು ಹಲ್ಲು ಹಾದುಹೋದಾಗಲೂ ಒಂದು ಮಿಡಿತ. ಚಕ್ರಕ್ಕೆ 60 ಹಲ್ಲಿದ್ದರೆ ಲೆಕ್ಕ ಸುಲಭ: 1800 ಆರ್‌ಪಿಎಂ ಅಂದರೆ ಸೆಕೆಂಡಿಗೆ 1800 ಮಿಡಿತ. ಇದರಲ್ಲಿ ಎರಡು ಜಾತಿ. ಎರಡು ತಂತಿಯದ್ದು ಅಯಸ್ಕಾಂತ ಮತ್ತು ಸುರುಳಿ. ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸುತ್ತದೆ, ಇಂಜಿನ್ ನಿಧಾನವಾದರೆ ಸಿಗ್ನಲ್ಲೂ ಕ್ಷೀಣ. ಮೂರು ತಂತಿಯದ್ದು ಹಾಲ್ ಸೆನ್ಸರ್. ಅದಕ್ಕೆ ಹೊರಗಿನ ವೋಲ್ಟೇಜ್ ಬೇಕು. ಮೊದಲನೆಯದರ ಸುರುಳಿಯನ್ನು ಓಮ್ ಮೀಟರಿನಲ್ಲಿ ಅಳೆಯಬಹುದು. ಎರಡನೆಯದನ್ನು ಹಾಗೆ ಅಳೆದು ಏನೂ ತಿಳಿಯದು. ಅದಕ್ಕೆ ಬರುವ ವೋಲ್ಟೇಜ್, ಗ್ರೌಂಡ್ ಮತ್ತು ಅದು ಕೊಡುವ ಮಿಡಿತ ನೋಡಬೇಕು.

ಈ ಗಾಡಿಯದ್ದು ಎರಡು ತಂತಿಯದ್ದು. ಮಿಸ್ತ್ರಿ ವಾರದ ಹಿಂದೆಯೇ ಹೊಸ ಸೆನ್ಸರ್ ಹಾಕಿದ್ದ. ಎಚ್ಚರಿಕೆ ನಿಂತಿರಲಿಲ್ಲ. "ಕೋಡ್ ಸೆನ್ಸರ್ ಅಂತಲೇ ತೋರಿಸ್ತಿದೆ" ಎಂದು ಸ್ಕ್ಯಾನರ್ ಮುಂದೆ ಹಿಡಿದ: 190, ಅದರ ಪಕ್ಕ 2.

190 ಅಂದರೆ ಇಂಜಿನ್ ವೇಗ. 'ಸೆನ್ಸರ್ ಕೆಟ್ಟಿದೆ' ಅಂತ ಅದು ಹೇಳುವುದೇ ಇಲ್ಲ. ಏನಾಗಿದೆ ಎಂಬ ಸುಳಿವು ಇರುವುದು ಎರಡನೇ ಅಂಕಿಯಲ್ಲಿ. 3 ಬಂದರೆ ವೋಲ್ಟೇಜ್ ಹೆಚ್ಚು, 4 ಕಡಿಮೆ, 5 ಅಂದರೆ ಸರ್ಕ್ಯೂಟ್ ತುಂಡಾಗಿರಬಹುದು, 8 ಅಂದರೆ ಮಿಡಿತದ ಲಯ ಸರಿಯಿಲ್ಲ. 2 ಅಂದರೆ ಸಿಗ್ನಲ್ ಏರುಪೇರು, ಬಿಟ್ಟು ಬಿಟ್ಟು ಬರುತ್ತಿದೆ. ಹಾಗೆ ಆಗಲು ಎಷ್ಟೋ ಕಾರಣ. ಸೆನ್ಸರಿನ ಅಯಸ್ಕಾಂತದ ತುದಿಗೆ ಕಬ್ಬಿಣದ ಚೂರು ಅಂಟಿರಬಹುದು, ಅಂತರ ಹೆಚ್ಚಾಗಿರಬಹುದು, ಕನೆಕ್ಟರಿನಲ್ಲಿ ನೀರಿಳಿದಿರಬಹುದು, ತಂತಿ ಉಜ್ಜಿರಬಹುದು. ಸುರುಳಿ ಕಾದಾಗ ಬಿಟ್ಟುಕೊಂಡು, ತಣ್ಣಗಾದ ಮೇಲೆ ಸರಿಹೋಗುವುದೂ ಉಂಟು.

ಇಷ್ಟರಲ್ಲಿ ಯಾವುದು? ಎರಡು ವಾರದಲ್ಲಿ ಯಾರೂ ಆಪರೇಟರನ್ನು ಕೇಳಿರಲಿಲ್ಲ. ನಾನು ಕೇಳಿದೆ.

"ಬಕೆಟ್ ತುಂಬಿ ಬೂಮ್ ಎತ್ತೂ ಮುಂದ ಮೀಟರಿನ ಮುಳ್ಳು ದಡಕ್ಕನ ಬೀಳ್ತೈತ್ರೀ. ಇಂಜಿನ್ ಒಮ್ಮೆ ಬಿಕ್ಕಿದಂಗ ಆಗ್ತೈತಿ. ಆಮ್ಯಾಲ ತಂತಾನ ಸರಿ. ಖಾಲಿ ಇದ್ದಾಗ ಏನೂ ಇಲ್ಲ."

"ಬೆಳಿಗ್ಗೆ ತಣ್ಣಗಿದ್ದಾಗ?"

"ಆವಾಗನೂ ಹಂಗ ಸರ. ಬಿಸಿಗೆ ಸಂಬಂಧ ಇಲ್ಲ."

ಅಲ್ಲಿಗೆ ಶಾಖದ ಮಾತು ಮುಗಿಯಿತು. ಉಳಿದದ್ದು ಭಾರ. ಭಾರ ಬಿದ್ದಾಗ ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ವಾಲುತ್ತದೆ, ಇಂಜಿನ್ನಿಗೂ ಚಾಸಿಗೂ ನಡುವಿನ ವೈರಿಂಗ್ ಎಳೆದಂತಾಗುತ್ತದೆ. ಮಿಸ್ತ್ರಿಗೆ ಹೇಳಿದೆ, ಅವನು ಜಾಣ, ಅರ್ಧ ಮಾತಿಗೇ ಹಿಡಿದುಕೊಂಡ. ಇಂಜಿನ್ ಆರಿಸಿ, ಬ್ಯಾಟರಿ ಸ್ವಿಚ್ ತೆಗೆದು, ಇಸಿಎಂ ಕಡೆಯ ಪ್ಲಗ್ ಬಿಚ್ಚಿದ. ಸೆನ್ಸರಿನಿಂದ ಬಂದ ಎರಡು ಪಿನ್‌ಗಳ ನಡುವೆ ಓಮ್ ಮೀಟರ್ ಇಟ್ಟ. ಸುರುಳಿಯ ರೆಸಿಸ್ಟೆನ್ಸ್ ಪುಸ್ತಕದಲ್ಲಿದ್ದಷ್ಟೇ ತೋರಿತು. ಮೀಟರ್ ಹಿಡಿದು ನಾನು ನಿಂತೆ. ಅವನು ಸೆನ್ಸರ್ ಕಡೆಯಿಂದ ತಂತಿಯನ್ನು ಗೇಣುಗೇಣಾಗಿ ಅಲ್ಲಾಡಿಸುತ್ತ ಬಂದ. ಒಂದು ಬ್ರಾಕೆಟ್ ಹತ್ತಿರ ಬಂದಾಗ ಅಂಕಿ ಮಾಯವಾಗಿ ಮೀಟರ್ 'ಓಪನ್' ತೋರಿಸಿತು. ಕ್ಲ್ಯಾಂಪಿನ ಬೋಲ್ಟ್ ಬಿದ್ದುಹೋಗಿ, ತಂತಿ ಬ್ರಾಕೆಟ್ಟಿನ ಅಂಚಿಗೆ ಉಜ್ಜಿ, ಒಳಗೆ ತಾಮ್ರದ ಎರಡೋ ಮೂರೋ ಎಳೆ ಮಾತ್ರ ಉಳಿದಿದ್ದವು.

ಹೊಸ ತುಂಡು ಸೇರಿಸಿ, ಮುಚ್ಚಿ, ಕ್ಲ್ಯಾಂಪ್ ಕಟ್ಟಲು ಮುಕ್ಕಾಲು ಗಂಟೆ. ಹಳೆಯ ಸೆನ್ಸರನ್ನೂ ಅಳೆದೆವು. ಅದು ಸರಿಯಾಗಿಯೇ ಇತ್ತು. ಬಕೆಟ್ ತುಂಬಿ ಬೂಮ್ ಎತ್ತಿದ. ಮುಳ್ಳು ಅಲ್ಲಾಡಲಿಲ್ಲ.

ಮಾಲೀಕ ಒಳ್ಳೆಯ ಮನುಷ್ಯನೇ. ತಿಂಗಳ ಕಂತು ತಲೆಯ ಮೇಲಿದೆ, ಗಾಡಿ ನಿಂತರೆ ದಿನದ ಬಾಡಿಗೆ ಹೋಯಿತು. ಆಪ್ ಹೇಳಿದ್ದನ್ನು ನಂಬಿದ. ಹಿಡಿದಿದ್ದ ಪಗಾರವನ್ನು ಅಲ್ಲೇ ಕೊಟ್ಟ. "ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂದುಕೊಂಡಿದ್ದೆ" ಎಂದು ಮರಾಠಿಯಲ್ಲಿ ನನಗೆ ಹೇಳಿದ. ಕಂಪ್ಯೂಟರ್ ನಮ್ಮದು. ನಾನು ಸುಮ್ಮನಿದ್ದೆ.

ಹೊರಡುವಾಗ ಆಪರೇಟರ್ ಗಾಡಿಯಿಂದ ಇಳಿದು ಬಂದ. ಥ್ಯಾಂಕ್ಸ್ ಹೇಳುತ್ತಾನೆ ಅಂದುಕೊಂಡೆ. ಆತ ಕೇಳಿದ್ದು ಬೇರೆ: "ಸರ, ಆ ಹದಿನಾಕರ ಮುಂದ ನನ್ನ ಹೆಸರ ಐತಲ್ರೀ, ಅದನ್ನ ಅಳಸಾಕ ಬರ್ತೈತೇನ್ರೀ? ನಾಳೆ ಬ್ಯಾರೇ ಮಾಲಕ ನೋಡಿದ್ರ?"

ಕೋಡ್ ತಿದ್ದಲು ಸೋಮವಾರ ಬೆಳಿಗ್ಗೆ ಒಂದೇ ಸಾಲು ಸಾಕಾಯಿತು. ಈಗ ವೇಗ ಗೊತ್ತಿಲ್ಲದಿದ್ದರೆ ಒಂದು ಅಡ್ಡಗೆರೆ ಕಾಣಿಸುತ್ತದೆ, 'ಸಿಗ್ನಲ್ ಪರೀಕ್ಷಿಸಿ' ಎಂಬ ಸಂದೇಶ ಹೋಗುತ್ತದೆ, ಯಾರ ಹೆಸರೂ ಬರುವುದಿಲ್ಲ. ಹಳೆಯ ದಾಖಲೆ ಅಳಿಸುವುದು ಮಾತ್ರ ಅಷ್ಟು ಸುಲಭವಿರಲಿಲ್ಲ. ಮೂರು ಮೀಟಿಂಗ್, ಎರಡು ಅನುಮತಿ, ಹನ್ನೊಂದು ದಿನ. ಹುಡುಕುತ್ತಾ ಹೋದರೆ 8191ರ ಎದುರು ಇನ್ನೂ ಬೇರೆ ಬೇರೆ ಗಾಡಿಗಳ ಆಪರೇಟರುಗಳ ಹೆಸರುಗಳಿದ್ದವು. ಅವರಲ್ಲಿ ಯಾರೂ ನಮಗೆ ಫೋನ್ ಮಾಡಿರಲಿಲ್ಲ.

ಎಲ್ಲವನ್ನೂ ಅಳಿಸಿದ ಮೇಲೆ ಇಂಡಿಯವನಿಗೆ ಫೋನ್ ಮಾಡಿ ತಿಳಿಸಿದೆ. ಆ ಕಡೆ ಇಂಜಿನ್ನಿನ ಸದ್ದು ಕೇಳುತ್ತಿತ್ತು.

"ಛಲೋ ಆತ್ರೀ ಸರ" ಎಂದು ಫೋನ್ ಇಟ್ಟ. ಕೆಲಸದ ಮೇಲಿದ್ದ.