ಉತ್ತರಭಾಗದ ವಾಗ್ದಾನ

ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಅವೆರಡೂ ಹೊಂದಬಲ್ಲವಾಗಿರುವುದು ಯೋಗ್ಯತೆ. ತಡವಿಲ್ಲದೆ ಒಂದರ ಬಳಿ ಒಂದು ಬರುವುದು ಸನ್ನಿಧಿ. ಈ ಅಳತೆಗೋಲನ್ನು ವಿಡಿಯೋ ಗೇಮುಗಳ ಪ್ರಚಾರಕ್ಕೂ ಹಿಡಿದು ನೋಡಬಹುದೆಂದು ನನಗೆ ತೋರುತ್ತದೆ. ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ಆಟದ ಎರಡನೆಯ ಭಾಗ ಇದಕ್ಕೆ ತಕ್ಕ ನಿದರ್ಶನ.

ಮೊದಲ ಆಟವನ್ನು ಮೆಕ್ಸಿಕೋ ದೇಶದ ಸ್ಕ್ವಾಡ್ ಎಂಬ ಸಂಸ್ಥೆ 2011ರಲ್ಲಿ ಹೊರತಂದಿತು. ಹಸಿರು ಮೈಯ ಪುಟ್ಟ ಜೀವಿಗಳಿಗಾಗಿ ರಾಕೆಟ್ಟು ಕಟ್ಟಿ ಹಾರಿಸುವುದೇ ಆಟ. ರಾಕೆಟ್ಟು ಸಿಡಿದರೆ ನಗು, ಕಕ್ಷೆ ಸೇರಿದರೆ ಹಿಗ್ಗು. ನಡುವೆ ಗುರುತ್ವಾಕರ್ಷಣೆಯ ಪಾಠ ತಾನಾಗಿ ಮನಸ್ಸಿಗಿಳಿಯುತ್ತಿತ್ತು. ಅದೂ ಅಪೂರ್ಣವಾಗಿಯೇ ಬಂದಿತ್ತು. ಆಡುವವರ ಕಣ್ಣೆದುರಿನಲ್ಲಿ ಬೆಳೆದು 2015ರಲ್ಲಿ ಪೂರ್ಣವಾಯಿತು.

ಎರಡನೆಯ ಭಾಗವನ್ನು 2019ರ ಆಗಸ್ಟಿನಲ್ಲಿ ಸಾರಿದರು. ಅನ್ಯ ನಕ್ಷತ್ರಗಳಿಗೆ ಪಯಣ, ದೂರದ ಗ್ರಹಗಳಲ್ಲಿ ವಸಾಹತು, ಹಲವರು ಕೂಡಿ ಆಡುವ ಸೌಕರ್ಯ ಇವೆಲ್ಲ ವಾಗ್ದಾನಗಳು. 2020ರಲ್ಲಿ ಬರಬೇಕಾಗಿದ್ದ ಆಟ ಮತ್ತೆ ಮತ್ತೆ ಮುಂದಕ್ಕೆ ಹೋಗಿ, 2023ರ ಫೆಬ್ರವರಿ 24ರಂದು ‘ಅರ್ಲಿ ಆಕ್ಸೆಸ್’ ಎಂಬ ಹೆಸರಿನಲ್ಲಿ ಅರೆಬರೆಯಾಗಿ ಬಂದಿತು. ಬೆಲೆ ಮಾತ್ರ ಸುಮಾರು 50 ಡಾಲರು. ನಕ್ಷತ್ರಯಾನವಿಲ್ಲ, ವಸಾಹತಿಲ್ಲ, ಕೂಡಿ ಆಡುವಂತೆಯೂ ಇಲ್ಲ. ಮೊದಲ ಆಟದಲ್ಲಿದ್ದ ವಿಜ್ಞಾನ ಸಂಶೋಧನೆಯ ಕ್ರಮವೂ, ವಾತಾವರಣಕ್ಕೆ ಮರಳುವ ನೌಕೆಯನ್ನು ಸುಡುವ ಉಷ್ಣವೂ ಬಂದುದು ಆ ವರ್ಷದ ಡಿಸೆಂಬರಿನಲ್ಲಿ. ಬಲವಾದ ಕಂಪ್ಯೂಟರುಗಳಲ್ಲಿಯೂ ಆಟ ತಡವರಿಸುತ್ತಿತ್ತು.

ಇಲ್ಲಿ ಆಕಾಂಕ್ಷೆಗೆ ಕೊರತೆಯಿರಲಿಲ್ಲ. ಸನ್ನಿಧಿ ಕೆಟ್ಟಿತು; ಮಾತಿಗೂ ವಸ್ತುವಿಗೂ ನಡುವೆ ವರ್ಷಗಳು ಉರುಳಿದವು. ಯೋಗ್ಯತೆಯೂ ಇರಲಿಲ್ಲ. ನೆಲ ಬಿಟ್ಟು ಏಳುವಾಗಲೇ ಎಡವುವ ಆಟಕ್ಕೆ ನಕ್ಷತ್ರಗಳನ್ನು ಜೋಡಿಸುವುದು, ಬೆಂಕಿಯಿಂದ ತೋಯಿಸೆಂದ ಹಾಗೆ.

ಹೊಸ ಕೃತಿ ಮಾತು ತಪ್ಪಿದರೆ ಆಡುವವನಿಗೆ ನಿರಾಶೆಯಷ್ಟೆ. ಉತ್ತರಭಾಗ ತಪ್ಪಿದರೆ ಹೋಲಿಸಿ ನೋಡುವುದಕ್ಕೆ ಅವನ ಕೈಯಲ್ಲಿ ಪೂರ್ವಭಾಗವಿರುತ್ತದೆ. ಇನ್ನೊಂದು ಹಾನಿ ಇದಕ್ಕಿಂತ ಸೂಕ್ಷ್ಮವಾದುದು. ಹೊಸಬರಿಗೆ ಕಕ್ಷೆಯ ರಹಸ್ಯವನ್ನು ಚಿತ್ರಗಳಿಂದ ತಿಳಿಸುವ ಸೊಗಸಾದ ಪಾಠಗಳು ಈ ಆಟದಲ್ಲಿದ್ದುವು. ಬಾರದಿದ್ದ ವಸಾಹತಿನ ಗದ್ದಲದಲ್ಲಿ, ಬಂದಿದ್ದ ಆ ಪಾಠಗಳ ಗುಣವನ್ನು ಕೇಳುವವರೇ ವಿರಳವಾದರು. ಅತಿಪ್ರಚಾರವು ಇಲ್ಲದುದನ್ನು ಕೊಡಲಾರದೆ, ಇದ್ದುದನ್ನೂ ಮರೆಮಾಡುತ್ತದೆ.

ಹಾಗೆಂದು ವಾಗ್ದಾನವೇ ಸಲ್ಲದೆಂದಲ್ಲ. ದೊಡ್ಡ ಕೆಲಸಕ್ಕೆ ಬಂಡವಾಳವೂ ಬೇಕು, ಜನರ ಭರವಸೆಯೂ ಬೇಕು. ಆದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರ ಸಾಲವನ್ನು ತೀರಿಸುವವರು ಬೇರೆಯವರು. 2024ರಲ್ಲಿ ಪ್ರಕಾಶಕರಾದ ಟೇಕ್‌ಟು ಸಂಸ್ಥೆಯವರು ಸಿಯಾಟಲ್ ನಗರದಲ್ಲಿ 70 ಮಂದಿಯನ್ನು ಕೆಲಸದಿಂದ ಬಿಡಿಸುವುದಾಗಿ ತಿಳಿಸಿದರು. ಆಟದ ತಂಡವಿದ್ದುದು ಆ ನಗರದಲ್ಲಿಯೇ. ಅದೇ ವರ್ಷದ ನಡುವಿನಲ್ಲಿ ಆಟದ ಬೆಳವಣಿಗೆಯೂ ನಿಂತುಹೋಯಿತು. ದುಡಿದವರು ಕೆಲಸ ಕಳೆದುಕೊಂಡರು. ಹಣ ತೆತ್ತವರ ಕೈಯಲ್ಲಿ ಮುಗಿಯದ ವಾಕ್ಯವೊಂದು ಉಳಿಯಿತು.