ಗೃಹಪಾಠದ ಹೊರೆ

ಗೃಹಪಾಠವು ಹೆಚ್ಚಿದಷ್ಟೂ ವಿದ್ಯೆಯು ಹೆಚ್ಚುವುದೆಂಬ ಭ್ರಮೆಯು ಅನೇಕ ಪಾಲಕರಲ್ಲಿ ಬೇರೂರಿರುವುದು. ಕಪ್ಪತಗುಡ್ಡದ ಸೀಮೆಯ ಡೋಣಿಯಂಥ ಊರಿನಲ್ಲಿ ಒಕ್ಕಲಿಗ ತಾಯಿತಂದೆಗಳು ಹೊಲದಿಂದ ಮರಳುವುದೇ ದೀಪ ಹಚ್ಚುವ ಹೊತ್ತಿಗೆ. ಓದು ಬಾರದ ಮನೆಯಲ್ಲಿ ಕೂಸಿನ ಸಂಶಯವನ್ನು ಬಿಡಿಸುವವರಾರು? ತಿಳಿಯದ ಪಾಠವನ್ನು ಹತ್ತು ಸಲ ಬರೆದರೆ ಕೈ ದಣಿಯುವುದಲ್ಲದೆ ಬುದ್ಧಿ ಬೆಳೆಯದು.

ಅಭ್ಯಾಸವೇ ಬೇಡವೆಂದಲ್ಲ. ಶ್ರವಣದ ಬಳಿಕ ಮನನವು ಬೇಕೇ ಬೇಕು. ಆದರೆ ಶ್ರವಣವೇ ಸರಿಯಾಗಿ ಆಗದಿದ್ದಲ್ಲಿ ಮನನವೆಲ್ಲಿಯದು? 2020ರ ಶಾಲಾಚೀಲ ನೀತಿಯು ಎರಡನೆಯ ಇಯತ್ತೆಯವರೆಗೆ ಗೃಹಪಾಠವೇ ಬೇಡವೆಂದಿತು. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ತಾಸು, ಆರರಿಂದ ಎಂಟರವರೆಗೆ ದಿನಕ್ಕೆ 1 ತಾಸು ಎಂದಿತು. ಈ ಮಿತಿಯು ಯುಕ್ತವಾದುದು. ಗುರುವು ತಾನು ತಿದ್ದಲಾರದಷ್ಟನ್ನು ಬರೆಯಿಸಬಾರದು. ಶಾಲೆಯಲ್ಲಿ ಕಲಿಸದುದನ್ನು ಮನೆಗೆ ಹೊರಿಸಬಾರದು. ಕಲಿಸುವ ಭಾರವು ಗುರುವಿನದು, ಕೂಸಿನದಲ್ಲ.